ಜೋಪಾನಪ್ಪನ ಕಲ್ಲು

"ಗುರುಗಳೇ, ಹೇಳಿದ ಮೇಲೂ ಒಬ್ಬನು ಬಿದ್ದರೆ ತಪ್ಪು ಯಾರದು?"

ಕೇಳಿದವನು ಗುರುಪಾದ. ಮಠದ ಅಡುಗೆಮನೆಯ ಉಸ್ತುವಾರಿ ಅವನದು. ಹಿಂದಿನ ದಿನ ಬೆಳಿಗ್ಗೆ ಸಂಗಯ್ಯನೆಂಬ ಅಡುಗೆಯವನು ಬಾವಿಕಟ್ಟೆಯ ಮೆಟ್ಟಿಲಲ್ಲಿ ಜಾರಿ ಬಿದ್ದಿದ್ದ. ಹೊತ್ತಿದ್ದ ಕೊಡ ಒಂದು ಕಡೆ, ಅವನು ಒಂದು ಕಡೆ. ಹೆಗಲಿನ ಮೂಳೆ ಮುರಿದಿತ್ತು. ಎಲುಬು ಕೂರಿಸುವವರು ಬಂದು ಕಟ್ಟು ಹಾಕಿ, ಮೂರು ತಿಂಗಳು ಕೈ ಎತ್ತಕೂಡದು ಎಂದು ಹೇಳಿ ಹೋಗಿದ್ದರು. ಗುರುಪಾದನನ್ನು ಮಠದಲ್ಲಿ ಯಾರೂ ಒಂದು ಮಾತೂ ಅಂದಿರಲಿಲ್ಲ. ಆದರೂ ಅವನಿಗೆ ನಿನ್ನೆಯಿಂದ ಅನ್ನ ಸೇರಿರಲಿಲ್ಲ.

ಗುರುಗಳು ಜಗುಲಿಯ ಮೇಲೆ ಕುಳಿತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ಸಂಗಯ್ಯ ಮಲಗಿದ್ದರಿಂದ ಅಂದು ಎಲ್ಲರ ಪಾಲಿಗೂ ಒಂದೊಂದು ಕೆಲಸ ಹೆಚ್ಚಿಗೆ ಬಂದಿತ್ತು.

"ನೀನು ಅವನಿಗೆ ಹೇಳಿದ್ದೆಯಾ?" ಎಂದು ಗುರುಗಳು ಕೇಳಿದರು.

"ದಿನವೂ ಹೇಳುತ್ತಿದ್ದೆ. ಅವನೊಬ್ಬನಿಗೇ ಅಲ್ಲ, ಎಲ್ಲರಿಗೂ. ಆ ಮೂರನೆಯ ಮೆಟ್ಟಿಲಿಗೆ ಪಾಚಿ ಹಿಡಿದಿದೆ, ಅಂಚು ಸವೆದಿದೆ, ನೋಡಿ ಇಳಿಯಿರಿ ಎಂದು ಹೇಳಿ ಹೇಳಿ ನನ್ನ ಬಾಯಿ ಒಣಗಿದೆ. ಅವನು ಕೇಳಲಿಲ್ಲ. ಇದರಲ್ಲಿ ನನ್ನದೇನು ತಪ್ಪು?"

ಗುರುಗಳು ಸೊಪ್ಪಿನಿಂದ ಕಣ್ಣು ತೆಗೆಯಲಿಲ್ಲ. "ನಿನಗಿಂತ ಹೆಚ್ಚು ಹೇಳಿದವನೊಬ್ಬನಿದ್ದ. ಅವನಷ್ಟು ಚೆನ್ನಾಗಿ ಹೇಳುವವನನ್ನು ನಾನು ಕೇಳಿಯೇ ಇಲ್ಲ. ಕೂತುಕೋ" ಎಂದು ಒಂದು ಕಟ್ಟು ಸೊಪ್ಪನ್ನು ಅವನ ಮುಂದೆಯೂ ಇಟ್ಟು, ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಂದು ಬಣ್ಣದ ಮನೆ ಇತ್ತು. ನೇಕಾರರು ಬಿಳಿಯ ನೂಲು ತಂದು ಕೊಡುವರು, ಬಣ್ಣದ ಮನೆಯವರು ಅದನ್ನು ಕೆಂಪೋ ನೀಲಿಯೋ ಮಾಡಿ ಹಿಂದಿರುಗಿಸುವರು. ನೂಲಿಗೆ ಬಣ್ಣ ಹತ್ತಬೇಕಾದರೆ ಮೊದಲು ಅದರ ಜಿಡ್ಡು ಬಿಡಬೇಕು. ಅದಕ್ಕೆ ಚೌಳು ಮಣ್ಣಿನ ನೀರಿನಲ್ಲಿ ಅದನ್ನು ಕುದಿಸುತ್ತಾರೆ. ಕುದಿಸುವ ಒಲೆಗಳು ಹಿತ್ತಲಲ್ಲಿದ್ದವು. ಬಣ್ಣದ ತೊಟ್ಟಿಗಳು ಪಡಸಾಲೆಯಲ್ಲಿದ್ದವು. ಎರಡರ ನಡುವೆ ಒಂದು ದೊಡ್ಡ ಹಾಸುಗಲ್ಲು, ನಾಲ್ಕು ಹೆಜ್ಜೆಯ ಅಗಲ. ಕುದಿಯುವ ಪಾತ್ರೆ ಹಿಡಿದವರೆಲ್ಲ ಅದನ್ನು ದಾಟಿಯೇ ಒಳಗೆ ಹೋಗಬೇಕು. ಬೇರೆ ದಾರಿ ಇರಲಿಲ್ಲ.

ಹೋಗುವವರ ಪಾತ್ರೆಯಿಂದ ಒಂದಿಷ್ಟು ಚೌಳು ನೀರು ತುಳುಕುತ್ತಿತ್ತು. ಯಜಮಾನನ ಅಜ್ಜನ ಕಾಲದಿಂದ ನೀರು ತುಳುಕಿ, ಬರಿಗಾಲುಗಳು ಉಜ್ಜಿ, ಆ ಕಲ್ಲು ಕನ್ನಡಿಯ ಹಾಗೆ ನುಣ್ಣಗಾಗಿತ್ತು. ಒಣಗಿದ್ದಾಗ ಅದರ ಮೇಲೆ ಮಗುವೂ ಓಡಾಡಬಹುದಿತ್ತು. ಒದ್ದೆಯಾದಾಗ ಬೆಕ್ಕೂ ಅದನ್ನು ತಪ್ಪಿಸಿ ಹೋಗುತ್ತಿತ್ತು. ಬೆಕ್ಕಿನ ಕೈಯಲ್ಲಿ ಪಾತ್ರೆ ಇರುವುದಿಲ್ಲವಾದ್ದರಿಂದ ಅದು ಗೋಡೆ ಹತ್ತಿ ಹೋಗಬಲ್ಲದು.

ವರ್ಷಕ್ಕೆ ಒಬ್ಬರೋ ಇಬ್ಬರೋ ಅಲ್ಲಿ ಬೀಳುವರು. ಬಿದ್ದಾಗ ಎಲ್ಲರೂ ಓಡಿ ಬರುವರು, ಎತ್ತುವರು, ನೀರು ಕುಡಿಸುವರು, ಆಮೇಲೆ ನೋಡಿ ನಡೆಯಬಾರದೇ ಎಂದು ಬಿದ್ದವರನ್ನೇ ಬೈಯುವರು. ಕಲ್ಲನ್ನು ಯಾರೂ ಬೈಯುತ್ತಿರಲಿಲ್ಲ. ಕಲ್ಲು ಅವರೆಲ್ಲರಿಗಿಂತ ಮೊದಲಿನಿಂದ ಅಲ್ಲಿತ್ತು.

ಆ ಬಣ್ಣದ ಮನೆಯಲ್ಲಿ ಈರಭದ್ರನೆಂಬ ಆಳು ಇದ್ದ. ಅಡ್ಡೆಯ ಎರಡು ತುದಿಗೆ ಎರಡು ಹಂಡೆ ತೂಗುಹಾಕಿ, ಅದನ್ನು ಹೆಗಲ ಮೇಲಿಟ್ಟುಕೊಂಡು ನಗುನಗುತ್ತಾ ಬರುವವನು. ಹೆಂಡತಿ ತೀರಿಕೊಂಡಿದ್ದಳು. ನೀಲವ್ವನೆಂಬ ಒಬ್ಬಳೇ ಮಗಳು. ಒಂದು ದಿನ ಅವನ ಸರದಿಯೂ ಬಂತು. ಕಾಲು ಜಾರಿತು, ಹಂಡೆಗಳು ಆಚೆ ಉರುಳಿದವು. ಪುಣ್ಯಕ್ಕೆ ಮೈ ಸುಡಲಿಲ್ಲ. ಆದರೆ ಮೊಣಕಾಲು ಕಲ್ಲಿಗೆ ಬಡಿದು ಚಿಪ್ಪು ಒಡೆಯಿತು. ಆರು ತಿಂಗಳು ಮಲಗಿ ಎದ್ದಾಗ ಕಾಲು ಕೋಲಿನಂತೆ ನೆಟ್ಟಗೆ ನಿಂತಿತ್ತು, ಮಡಚುತ್ತಿರಲಿಲ್ಲ.

ಅಂಥ ಕಾಲು ಇಟ್ಟುಕೊಂಡು ಬಣ್ಣದ ಮನೆಯಲ್ಲಿ ಮಾಡುವ ಕೆಲಸವಾದರೂ ಏನು? ಮನೆಯಲ್ಲಿ ಕೂತರೆ ತಿನ್ನುವುದೇನು? ಈರಭದ್ರ ಗೋಡೆ ನೋಡುತ್ತಾ ಇದನ್ನೇ ಯೋಚಿಸುತ್ತಿದ್ದಾಗ ಯಜಮಾನ ತಾನಾಗಿಯೇ ಅವನ ಮನೆಗೆ ಬಂದ. ಯಜಮಾನ ಕೆಟ್ಟವನಲ್ಲ. ಈ ಕತೆಯಲ್ಲಿ ಕೆಟ್ಟವರು ಯಾರೂ ಇಲ್ಲ, ಅದೇ ಇದರ ಸಂಕಟ.

"ನೀ ಇನ್ನ ಹೊರೂದು ಬ್ಯಾಡ ಈರಭದ್ರಾ. ಆ ಕಲ್ಲಿನ ಬಾಜೂಕ ಕುಂದರು. ಒದ್ದಿ ಇದ್ದಾಗ ಬರೋರಿಗೆ ಒಂದು ಮಾತು ಹೇಳು. ಅಷ್ಟ ಸಾಕು" ಎಂದ.

ಈರಭದ್ರ ಆ ಮಾತನ್ನು ದೇವರು ಕೊಟ್ಟ ವರದಂತೆ ತೆಗೆದುಕೊಂಡ. ಮಾರನೆಯ ದಿನವೇ ಕಲ್ಲಿನ ಪಕ್ಕದಲ್ಲಿ ಒಂದು ಮಣೆ ಹಾಕಿಕೊಂಡು ಕುಳಿತ. ಬೆಳಗಿನ ಮೊದಲ ಪಾತ್ರೆಯಿಂದ ಸಂಜೆಯ ಕೊನೆಯ ಪಾತ್ರೆಯವರೆಗೆ ಅವನ ಕಣ್ಣು ಕಲ್ಲಿನ ಮೇಲೆ. ಒಂದು ಹನಿ ಬಿದ್ದರೂ ಸಾಕು, "ಒದ್ದಿ ಐತಿ, ಜೋಪಾನ!" ಎಂದು ಕೂಗುವನು. ಗಂಟಲು ದೊಡ್ಡದು. ಹಿತ್ತಲಿಗೂ ಕೇಳುವುದು, ಬೀದಿ ಬಾಗಿಲಿಗೂ ಕೇಳುವುದು. ಒಣಗಿದ್ದಾಗ ಮಾತ್ರ ತುಟಿ ಬಿಚ್ಚನು. ಸುಮ್ಮಸುಮ್ಮನೆ ಕೂಗಿದರೆ ಜನ ಕಿವಿಗೆ ಹಾಕಿಕೊಳ್ಳುವುದಿಲ್ಲ ಎಂದು ಅವನಿಗೆ ತಿಳಿದಿತ್ತು. ಬುದ್ಧಿವಂತನೇ.

ದಿನ ಹೋದಂತೆ ಅವನು ಆ ಕೆಲಸದಲ್ಲಿ ಪಳಗಿದ. ತಲೆ ಎತ್ತದೆ ಹೆಜ್ಜೆಯ ಸಪ್ಪಳದಲ್ಲೇ ಬರುವವರು ಯಾರೆಂದು ಗುರುತಿಸುವನು. ಆತುರದವರಿಗೆ ಎರಡು ಸಲ ಕೂಗುವನು, ಮುದುಕರಿಗೆ ಎಡಕ್ಕೆ ಕಾಲಿಡು, ಬಲಕ್ಕೆ ಕಾಲಿಡು ಎಂದು ಬಿಡಿಸಿ ಹೇಳುವನು. ಒಂದು ವರ್ಷವಾಯಿತು, ಯಾರೂ ಬೀಳಲಿಲ್ಲ. ಎರಡು ವರ್ಷವಾಯಿತು. ಅಷ್ಟರಲ್ಲಿ ಅವನ ಹೆಸರು ಯಾರಿಗೂ ನೆನಪಿರಲಿಲ್ಲ. ಎಲ್ಲರಿಗೂ ಅವನು ಜೋಪಾನಪ್ಪ. ಮೊದಲು ತಮಾಷೆಗೆ ಕರೆದರು, ಆಮೇಲೆ ಗೌರವದಿಂದಲೇ ಕರೆದರು. ಅವನಿಗೂ ಆ ಹೆಸರು ಹಿಡಿಸಿತು. ಕುಂಟ ಈರಭದ್ರನಾಗುವುದಕ್ಕಿಂತ ಅದು ಎಷ್ಟೋ ವಾಸಿ.

ಇನ್ನೊಂದು ಬದಲಾವಣೆಯೂ ಆಗಿತ್ತು. ಅದನ್ನು ಯಾರೂ ಗಮನಿಸಲಿಲ್ಲ. ಮೊದಲೆಲ್ಲ ಆ ಕಲ್ಲಿನ ಹತ್ತಿರ ಬಂದವರು ನೆಲ ನೋಡುತ್ತಿದ್ದರು. ಈಗ ಯಾರೂ ನೋಡುತ್ತಿರಲಿಲ್ಲ. ಮುಖ ಮೇಲೆತ್ತಿಕೊಂಡು, ಅತ್ತೆಯ ಸುದ್ದಿಯೋ ನಾದಿನಿಯ ಸುದ್ದಿಯೋ ಮಾತಾಡಿಕೊಂಡು ಬರುವರು. ಕೂಗು ಕೇಳಿದರೆ ಹೆಜ್ಜೆ ಸಣ್ಣದು ಮಾಡುವರು, ಕೇಳದಿದ್ದರೆ ಧಡಧಡನೆ ನಡೆಯುವರು. ಹೊಸದಾಗಿ ಸೇರಿದವರು ಬಗ್ಗಿ ಕಲ್ಲು ನೋಡಿದರೆ ಹಳಬರು ನಗುವರು. ಜೋಪಾನಪ್ಪ ಇರುವಾಗ ನಿನಗೇಕೆ ನೆಲದ ಚಿಂತೆ ಎನ್ನುವರು. ಜೋಪಾನಪ್ಪನೂ ಅವರ ಜೊತೆ ನಗುವನು. ಆ ನಗುವಿನಲ್ಲಿ ಎಷ್ಟು ಸುಖವಿತ್ತೆಂದರೆ, ಅದರಲ್ಲಿ ತಪ್ಪೇನಿದೆ ಎಂದು ನೋಡುವ ಗೋಜಿಗೆ ಅವನು ಹೋಗಲಿಲ್ಲ.

ನೀಲವ್ವ ಬೆಳೆದು ಅದೇ ಬಣ್ಣದ ಮನೆಯಲ್ಲಿ ಕೆಲಸಕ್ಕೆ ನಿಂತಳು. ಅವಳದು ಕಟ್ಟು ಹಾಕುವ ಕೆಲಸ. ಬಣ್ಣಕ್ಕೆ ಅದ್ದುವ ಮೊದಲು ನೂಲಿನ ಲಡಿಗೆ ಅಲ್ಲಲ್ಲಿ ದಾರದಿಂದ ಬಿಗಿದು ಕಟ್ಟುತ್ತಾರೆ. ಕಟ್ಟಿದ ಜಾಗಕ್ಕೆ ಬಣ್ಣ ಹತ್ತುವುದಿಲ್ಲ. ಬಿಚ್ಚಿದಾಗ ಅಲ್ಲಿ ಬಿಳಿಯ ಚುಕ್ಕಿಯೋ ಹೂವೋ ಮೂಡಿರುತ್ತದೆ. ಕಟ್ಟು ಸಡಿಲಾದರೆ ಹೂವು ಕದಡಿ ಹೋಗುತ್ತದೆ, ಬಿಗಿಯಾದರೆ ಎಳೆ ಹರಿಯುತ್ತದೆ. ನೀಲವ್ವನ ಬೆರಳುಗಳಿಗೆ ಆ ಹದ ಹುಟ್ಟಿನಿಂದಲೇ ಬಂದ ಹಾಗಿತ್ತು. ಅವಳು ಕಟ್ಟಿದ ನೂಲೇ ಬೇಕೆಂದು ನೇಕಾರರು ವಾರಗಟ್ಟಲೆ ಕಾಯುತ್ತಿದ್ದರು. ಹೊತ್ತು ಮುಳುಗುವ ಮುಂಚೆ ಅಪ್ಪ ಮಗಳು ಒಟ್ಟಿಗೆ ಮನೆಗೆ ಹೋಗುವಾಗ, ಅವನು ಅವಳ ಕೈ ಹಿಡಿದು ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋವು ತೆಗೆಯುತ್ತಿದ್ದ.

ಅವಳು ಒಂದು ದಿನ ಒಲೆಯ ಬೂದಿಯನ್ನು ಮೊರದಲ್ಲಿ ತಂದು ಆ ಕಲ್ಲಿನ ಮೇಲೆ ಹರಡಿದಳು. ಬೂದಿ ನೀರು ಹೀರಿತು. ಕಾಲು ಗಟ್ಟಿಯಾಗಿ ನಿಂತಿತು. ಬೆಳಿಗ್ಗೆಯಿಂದ ಹತ್ತು ಪಾತ್ರೆ ದಾಟಿದವು, ಜೋಪಾನಪ್ಪ ಒಂದು ಸಲವೂ ಬಾಯಿ ತೆರೆಯಬೇಕಾಗಲಿಲ್ಲ. ಮಣೆಯ ಮೇಲೆ ಕುಳಿತವನಿಗೆ ಏನೋ ಒಂದು ತಳಮಳ. ಸ್ವಲ್ಪ ಹೊತ್ತು ತಡೆದು ನೋಡಿದ. ಆಮೇಲೆ ಎದ್ದು ಪೊರಕೆ ತೆಗೆದುಕೊಂಡು ಅಷ್ಟನ್ನೂ ಗುಡಿಸಿ ಹಾಕಿದ.

"ಬೂದಿ ಕಾಲಿಗೆ ಹತ್ತಿ ತೊಟ್ಟಿಗೆ ಬಿದ್ರ ಬಣ್ಣ ಕೆಡತೈತಿ. ಯಾರು ನಿನಗ ಈ ಉಸಾಬರಿ ಹೇಳಿದ್ರು?" ಎಂದು ಮಗಳನ್ನು ಗದರಿದ.

ಬೂದಿ ಬಿದ್ದರೆ ಬಣ್ಣ ಕೆಡುವುದು ನಿಜ. ಕಾಲು ಒರೆಸಿಕೊಳ್ಳಲು ಬಾಗಿಲಲ್ಲಿ ಒಂದು ಗೋಣಿಚೀಲ ಹಾಕಿದ್ದರೆ ಬೂದಿ ತೊಟ್ಟಿಯವರೆಗೆ ಹೋಗುತ್ತಿರಲಿಲ್ಲ ಎಂಬುದೂ ನಿಜ. ಒಂದು ನಿಜ ಅವನಿಗೆ ಬೇಕಾಗಿತ್ತು, ಅದನ್ನು ಇಟ್ಟುಕೊಂಡ. ನೀಲವ್ವ ಮೊರ ಎತ್ತಿಕೊಂಡು ಹೋದಳು. ಆಮೇಲೆ ಅವಳೂ ಉಳಿದವರ ಹಾಗೆಯೇ ಅಪ್ಪನ ಕೂಗಿನ ಮೇಲೆ ಭಾರ ಹಾಕಿ ನಡೆಯುವುದನ್ನು ಕಲಿತಳು.

ಹನ್ನೊಂದನೆಯ ವರ್ಷ ಒಬ್ಬ ಕಲ್ಲುಕುಟಿಗ ಅಲ್ಲಿಗೆ ಬಂದ. ಊರೂರು ತಿರುಗಿ, ಸವೆದ ಬೀಸುಕಲ್ಲುಗಳನ್ನು ಉಳಿಯಿಂದ ಕುಟ್ಟಿ ಒರಟು ಮಾಡಿಕೊಡುವುದು ಅವನ ಕಸುಬು. ಬೀಸುಕಲ್ಲು ನುಣ್ಣಗಾದರೆ ಹಿಟ್ಟು ಬೀಳುವುದಿಲ್ಲ. ಅದಕ್ಕೇ ಹೆಂಗಸರು ವರ್ಷಕ್ಕೊಮ್ಮೆ ತಪ್ಪದೆ ಅವನನ್ನು ಕರೆದು ಕೆಲಸ ಮಾಡಿಸಿಕೊಳ್ಳುತ್ತಾರೆ. ಅವನು ಯಜಮಾನನ ಅಡುಗೆಮನೆಯ ಕಲ್ಲು ಕುಟ್ಟಿ, ಕೈ ತೊಳೆಯಲು ಹಿತ್ತಲಿಗೆ ಬಂದವನು ಹಾಸುಗಲ್ಲಿನ ಮುಂದೆ ನಿಂತುಬಿಟ್ಟ. ಕಾಲಿನ ಹೆಬ್ಬೆರಳಿನಿಂದ ಒಮ್ಮೆ ಸವರಿ ನೋಡಿದ.

"ಧಣೇರ, ಬೀಸುಕಲ್ಲಿಗೆ ಹೊಡಿಯೋ ಉಳಿನ ಈ ಕಲ್ಲಿಗೂ ಹೊಡದ್ರ ಕಾಲು ಹಿಡಿತೈತ್ರಿ. ಅಂಚಿಗುಂಟ ಒಂದು ಸಣ್ಣ ಕಾಲವಿ ತಗದ್ರ ನೀರೂ ನಿಲ್ಲಾಂಗಿಲ್ಲ" ಎಂದ.

ಯಜಮಾನನಿಗೆ ಮಾತು ಸರಿಯೆನಿಸಿತು. ಆದರೂ ಅವನು ಜೋಪಾನಪ್ಪನ ಕಡೆ ತಿರುಗಿದ. "ಏನಂತಿ? ಈ ಕಲ್ಲಿನ ಸಂಗತಿ ನಿನಗಿಂತ ಹೆಚ್ಚು ಯಾರಿಗೆ ಗೊತ್ತೈತಿ?"

ಜೋಪಾನಪ್ಪ ಕಲ್ಲಿನ ಕಡೆ ನೋಡಿದ. ಕಲ್ಲು ಒರಟಾದರೆ ಯಾರೂ ಜಾರುವುದಿಲ್ಲ. ಯಾರೂ ಜಾರದಿದ್ದರೆ ಕೂಗುವವನು ಬೇಡ. ಕೂಗುವುದು ಬೇಡವಾದರೆ ಆ ಮಣೆ ಯಾಕೆ, ಆ ಹೆಸರು ಯಾಕೆ? ಮತ್ತೆ ಮನೆಯ ಗೋಡೆ, ಮಡಚದ ಕಾಲು, ಮಗಳ ದುಡಿಮೆಯ ಅನ್ನ. ಇಷ್ಟೆಲ್ಲವೂ ಅವನ ಕಣ್ಣ ಮುಂದೆ ಒಂದೇ ಉಸಿರಿನಲ್ಲಿ ಹಾದುಹೋಯಿತು. ಬಾಯಿ ಮಾತ್ರ ಬೇರೆಯದನ್ನೇ ಹೇಳಿತು.

"ಎಂಟ್ಹತ್ತು ದಿನ ಒಲಿ ಆರಿಸಬೇಕಾಗ್ತೈತ್ರಿ. ಮ್ಯಾಲ ಹಳೇ ಕಲ್ಲು, ಉಳಿ ಬಿದ್ರ ಸೀಳಿದ್ರೂ ಸೀಳೀತು. ಹನ್ನೊಂದು ವರ್ಷದಾಗ ಒಬ್ಬರಾದ್ರೂ ಬಿದ್ದಾರೇನ್ರಿ? ನಾ ಅದೀನಲ್ರಿ."

ಎಂಟು ದಿನ ಹಿಡಿಯುವುದೆಂದು ಅವನಿಗೆ ಹೇಳಿದವರು ಯಾರು? ಯಾರೂ ಅಲ್ಲ. ಕಲ್ಲುಕುಟಿಗ ಎದುರಿಗೇ ನಿಂತಿದ್ದ, ಅವನನ್ನು ಒಂದು ಮಾತು ಕೇಳಬಹುದಿತ್ತು. ಅವನು ಕೇಳಲಿಲ್ಲ, ಯಜಮಾನನೂ ಕೇಳಲಿಲ್ಲ. ಮದುವೆಯ ಕಾಲ, ನೇಕಾರರು ಬಾಗಿಲಲ್ಲಿ ಕಾದಿದ್ದರು, ಎಂಟು ದಿನ ಒಲೆ ಆರಿಸುವ ಮಾತು ಕೇಳಿಯೇ ಯಜಮಾನ ಕೈ ಆಡಿಸಿಬಿಟ್ಟ. ಕಲ್ಲುಕುಟಿಗ ಜೋಪಾನಪ್ಪನ ಮುಖ ನೋಡಿದ, ಚಾಚಿಕೊಂಡಿದ್ದ ಕಾಲನ್ನು ನೋಡಿದ. ಉಳಿಗಳ ಚೀಲ ಹೆಗಲಿಗೇರಿಸಿಕೊಂಡು ಹೋದ.

ಹನ್ನೆರಡು ವರ್ಷ ತುಂಬಿತು. ಹನ್ನೆರಡು ವರ್ಷದಲ್ಲಿ ಆ ಕಲ್ಲಿನ ಮೇಲೆ ಒಬ್ಬರೂ ಬಿದ್ದಿರಲಿಲ್ಲ. ಇದು ಸಣ್ಣ ಮಾತಲ್ಲ, ಜೋಪಾನಪ್ಪನಿಗೆ ಒಂದು ಶಾಲು ಹೊದಿಸಬೇಕು ಎಂದು ಯಜಮಾನ ತೀರ್ಮಾನಿಸಿದ. ಒಂದು ಸೋಮವಾರ ಬೆಳಿಗ್ಗೆ ಮುಂದಿನ ಅಂಗಳದಲ್ಲಿ ಜಮಖಾನ ಹಾಸಿದರು. ನೇಕಾರರ ಓಣಿಯವರೂ ಬಂದರು. ಆ ಹೊತ್ತಿನಲ್ಲಿ ಕಲ್ಲಿನ ಹತ್ತಿರ ಬೇರೆ ಯಾರನ್ನಾದರೂ ನಿಲ್ಲಿಸೋಣವೇ ಎಂದು ಯಜಮಾನ ಕೇಳಿದ್ದ.

"ಬ್ಯಾಡ್ರಿ. ಒಂದು ಗಳಿಗಿ ಮಾತು. ಎಲ್ಲಾರೂ ಇಲ್ಲೇ ಇರ್ತಾರಲ್ರಿ" ಎಂದಿದ್ದ ಜೋಪಾನಪ್ಪ.

ಬೇಡ ಎಂದದ್ದಕ್ಕೆ ಒಳಗಿನ ಕಾರಣ ಬೇರೆಯೇ ಇತ್ತು. ಇನ್ನೊಬ್ಬರು ಒಂದು ಗಳಿಗೆ ಕೂಗಿ ತೋರಿಸಿದರೆ, ಇದು ಯಾರು ಬೇಕಾದರೂ ಮಾಡುವ ಕೆಲಸವೆಂದು ಎಲ್ಲರಿಗೂ ತಿಳಿದುಹೋಗುತ್ತಿತ್ತು. ಅದೂ ಶಾಲು ಹೊದಿಸುವ ದಿನವೇ.

ಎಲ್ಲರೂ ಮುಂದಿನ ಅಂಗಳಕ್ಕೆ ಹೋದರು. ನೀಲವ್ವ ಒಬ್ಬಳು ಹಿಂದೆ ಉಳಿದಳು. ಅವಳು ಕಟ್ಟಿದ ಲಡಿಗಳು ಚೌಳು ನೀರಿನಲ್ಲಿ ಕುದಿಯುತ್ತಿದ್ದವು. ಹೆಚ್ಚು ಹೊತ್ತು ಬಿಟ್ಟರೆ ಎಳೆ ಸತ್ತುಹೋಗುತ್ತದೆ. ನೀವು ನಡೆಯಿರಿ, ಇದನ್ನು ಒಳಗಿಟ್ಟು ಓಡಿ ಬರುತ್ತೇನೆ ಎಂದು ಗೆಳತಿಯರನ್ನು ಕಳಿಸಿದ್ದಳು. ಅಪ್ಪನ ಹೆಗಲ ಮೇಲೆ ಶಾಲು ಬೀಳುವುದನ್ನು ಅವಳು ನೋಡಬೇಕಾಗಿತ್ತು. ಅದಕ್ಕೆಂದೇ ಅವತ್ತು ಹೊಸ ಸೀರೆ ಉಟ್ಟಿದ್ದಳು.

ಅಂಗಳದಲ್ಲಿ ಯಜಮಾನ ಮಾತಿಗೆ ನಿಂತ. ಈ ಮನುಷ್ಯನ ಬಾಯಿಯೊಂದು ಇಲ್ಲದಿದ್ದರೆ ನಮ್ಮಲ್ಲಿ ಎಷ್ಟು ಜನರ ಕೈಕಾಲು ಮುರಿಯುತ್ತಿತ್ತೋ ಎಂದು ಶುರುಮಾಡಿದ. ಜೋಪಾನಪ್ಪ ಕೈಮುಗಿದು, ತಲೆ ಬಗ್ಗಿಸಿ ನಿಂತಿದ್ದ. ಕೊರಳಲ್ಲಿ ಹಾರವಿತ್ತು. ಮುಖ ಕೆಂಪಗಾಗಿತ್ತು. ಆಗ ಅವನ ಕಿವಿಗೆ ಹಿತ್ತಲಿನಿಂದ ಒಂದು ಹೆಜ್ಜೆಯ ಸಪ್ಪಳ ಬಿತ್ತು.

ಅದು ನೀಲವ್ವನ ಹೆಜ್ಜೆ. ಬೇಗಬೇಗ ಬರುತ್ತಿತ್ತು. ಹಿಮ್ಮಡಿ ಒತ್ತಿ ಬೀಳುತ್ತಿತ್ತು, ಅಂದರೆ ಕೈಯಲ್ಲಿ ತುಂಬಿದ ಪಾತ್ರೆ ಇತ್ತು. ಕಲ್ಲು ಒದ್ದೆಯಾಗಿತ್ತು. ಮಣೆಯಿಂದ ಏಳುವ ಮುಂಚೆ ಕೊನೆಯ ಸಲ ಕೂಗಿದವನು ತಾನೇ, ಅವನಿಗೆ ಗೊತ್ತಿಲ್ಲದೆ ಇನ್ನು ಯಾರಿಗೆ ಗೊತ್ತಿರುತ್ತದೆ? ಬಾಯಿ ತೆರೆದ. ಕೂಗಿದ್ದರೆ ಆ ಕೂಗು ಗೋಡೆ ದಾಟಿ ಹಿತ್ತಲಿಗೆ ಕೇಳುತ್ತಿತ್ತು, ಹನ್ನೆರಡು ವರ್ಷ ಕೇಳಿದ ಹಾಗೆ. ಆದರೆ ಯಜಮಾನ ಮಾತಾಡುತ್ತಿದ್ದ. ಅವನ ಬಗ್ಗೆಯೇ ಮಾತಾಡುತ್ತಿದ್ದ. ಅಷ್ಟು ಜನರ ನಡುವೆ, ಹಾರ ಹಾಕಿಕೊಂಡು, ದೊಡ್ಡವರ ಮಾತಿನ ಮಧ್ಯೆ ಹೇಗೆ ಅರಚುವುದು? ಈ ವಾಕ್ಯ ಮುಗಿಯಲಿ ಎಂದುಕೊಂಡ.

ವಾಕ್ಯ ಮುಗಿಯುವ ಮುಂಚೆಯೇ ಹಿತ್ತಲಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ಅದರ ಬೆನ್ನಿಗೇ ಇನ್ನೊಂದು ಸದ್ದು. ಅದನ್ನು ನಾನು ಹೇಳುವುದಿಲ್ಲ.

ಮಡಚದ ಕಾಲನ್ನು ಎಳೆದುಕೊಂಡು ಅವನು ಎಲ್ಲರಿಗಿಂತ ಮೊದಲು ಅಲ್ಲಿಗೆ ಹೇಗೆ ತಲುಪಿದನೋ ಯಾರಿಗೂ ತಿಳಿಯದು. ನೀಲವ್ವ ಕಲ್ಲಿನ ಮೇಲೆ ಬಿದ್ದಿದ್ದಳು. ಬೀಳುವಾಗ ಲಡಿಗಳನ್ನು ಉಳಿಸಲು ಹೋಗಿದ್ದಳು. ಬಲಗೈ ಮೊಣಕೈಯವರೆಗೆ ಕುದಿಯುವ ಚೌಳು ನೀರಿನಲ್ಲಿ ಬೆಂದಿತ್ತು. ಅವನು ಕೊರಳಿನ ಹಾರ ಕಿತ್ತೆಸೆದು ಅವಳ ತಲೆಯನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡ. ಅವಳು ಕಣ್ಣು ತೆರೆದು ಅಪ್ಪನನ್ನು ಗುರುತಿಸಿದಳು. ಅವಳ ದನಿಯಲ್ಲಿ ದೂರು ಇರಲಿಲ್ಲ. ತನ್ನಿಂದಲೇ ಏನೋ ತಪ್ಪಾಯಿತು ಎಂಬಂತೆ ಹೇಳಿದಳು.

"ಯಪ್ಪಾ, ನೀ ಕೂಗಲಿಲ್ಲ. ಕಲ್ಲು ಒಣಗೈತಿ ಅಂದ್ಕೊಂಡೆ."

ಹನ್ನೆರಡು ವರ್ಷ ಅವನು ಜನರಿಗೆ ಕಲಿಸಿದ್ದು ಏನೆಂದು ಈರಭದ್ರನಿಗೆ ಆಗ ತಿಳಿಯಿತು. ತನ್ನ ಕೂಗು ಅಪಾಯವನ್ನು ಹೇಳುತ್ತದೆ ಎಂದು ಅವನು ತಿಳಿದಿದ್ದ. ತನ್ನ ಮೌನವೂ ಅವರಿಗೆ ಒಂದು ಮಾತಾಗಿದೆ ಎಂದು ಅವನಿಗೆ ಹೊಳೆದಿರಲಿಲ್ಲ. ಅವನು ಸುಮ್ಮನಿದ್ದ ಒಂದು ಗಳಿಗೆಯಲ್ಲಿ ಆ ಮೌನ, ಹೆದರಬೇಡ ಬಾ, ಎಂದು ಅವನ ಮಗಳನ್ನೇ ಕರೆದಿತ್ತು.

ನೀಲವ್ವ ಬದುಕಿದಳು. ಗಾಯ ಮಾಯಲು ಒಂದು ಮಳೆಗಾಲ ಹಿಡಿಯಿತು. ಕೈ ಉಳಿಯಿತು, ಆದರೆ ಬೆರಳುಗಳು ಒಂದಕ್ಕೊಂದು ಅಂಟಿಕೊಂಡು ಒಳಕ್ಕೆ ಮುದುರಿದವು. ಎಡಗೈಯಲ್ಲಿ ಉಣ್ಣುವುದನ್ನು ಕಲಿತಳು, ಎಡಗೈಯಲ್ಲಿ ಬಾಚಣಿಗೆ ಹಿಡಿಯುವುದನ್ನು ಕಲಿತಳು. ಕಟ್ಟು ಹಾಕುವುದಕ್ಕೆ ಎರಡು ಕೈ ಬೇಕು. ನೇಕಾರರು ಕೆಲವು ತಿಂಗಳು ವಿಚಾರಿಸಿದರು. ಆಮೇಲೆ ಬೇರೆಯವರ ಕಟ್ಟಿಗೆ ಒಗ್ಗಿಕೊಂಡರು. ಅವಳು ಅಪ್ಪನನ್ನು ಒಂದು ದಿನವೂ ಏನೂ ಅನ್ನಲಿಲ್ಲ. ಅಂದಿದ್ದರೆ ಅವನಿಗೆ ಸ್ವಲ್ಪ ಹಗುರಾಗುತ್ತಿತ್ತೇನೋ.

ಅವನ ಮನಸ್ಸಿನಲ್ಲಿ ಮೂರು ದಿನಗಳು ಸುತ್ತುತ್ತಲೇ ಇದ್ದವು. ಹಾರ ಹಾಕಿಕೊಂಡು ವಾಕ್ಯ ಮುಗಿಯಲೆಂದು ಕಾದ ದಿನ. ಕಲ್ಲುಕುಟಿಗನನ್ನು ಕಳಿಸಿದ ದಿನ. ಎಲ್ಲಕ್ಕಿಂತ ಹೆಚ್ಚಾಗಿ, ಪೊರಕೆ ಹಿಡಿದು ಮಗಳು ಹರಡಿದ ಬೂದಿಯನ್ನು ಗುಡಿಸಿದ ದಿನ. ಅವಳು ಆವತ್ತು ತಂದದ್ದು ಒಂದು ಮೊರ ಬೂದಿ. ಅಷ್ಟನ್ನೇ ಬಿಟ್ಟಿದ್ದರೆ ಸಾಕಾಗಿತ್ತು. ಸಂಜೆ ಹೊತ್ತು ಮಗಳ ಮುದುರಿದ ಬೆರಳುಗಳಿಗೆ ಎಣ್ಣೆ ಸವರುವಾಗ ಅವನು ಇದನ್ನೇ ಯೋಚಿಸುತ್ತಿದ್ದ. ಬೆರಳು ಬಿಡಿಸಲು ನೋಡುತ್ತಿದ್ದ. ಅವು ಬಿಚ್ಚುತ್ತಿರಲಿಲ್ಲ.

ಯಜಮಾನ ಮತ್ತೆ ಹೇಳಿ ಕಳಿಸಿದ. ಮಣೆ ಅಲ್ಲಿಯೇ ಇದೆ, ಬಂದು ಕೂರು ಎಂದ. ಈರಭದ್ರ ಹೋಗಲಿಲ್ಲ. ಒಂದು ಬುತ್ತಿ ಕಟ್ಟಿಕೊಂಡು, ಕೋಲು ಊರಿಕೊಂಡು, ಕಲ್ಲುಕುಟಿಗನನ್ನು ಹುಡುಕಲು ಹೊರಟ. ಊರೂರು ತಿರುಗುವವನನ್ನು ಕುಂಟನೊಬ್ಬ ಹುಡುಕುವುದೆಂದರೆ ಸುಲಭವಲ್ಲ. ಒಂದು ಊರಿಗೆ ಹೋದರೆ ನಿನ್ನೆ ತಾನೇ ಹೋದ ಎನ್ನುವರು, ಮುಂದಿನ ಊರಿಗೆ ಹೋದರೆ ಇನ್ನೂ ಬಂದಿಲ್ಲ ಎನ್ನುವರು. ಹದಿನೇಳನೆಯ ದಿನ ಅವನು ಸಿಕ್ಕಿದ. ಈರಭದ್ರ ಅವನ ಮುಂದೆ ಕೈಮುಗಿದು ನಿಂತ. ಕಲ್ಲುಕುಟಿಗ ಇವನನ್ನು ನೋಡಿದ, ಯಾಕೆ ಬಂದೆ ಎಂದು ಕೇಳಲಿಲ್ಲ. ಉಳಿಗಳ ಚೀಲ ಎತ್ತಿಕೊಂಡು, ಇವನ ಕುಂಟು ನಡಿಗೆಗೆ ತನ್ನ ನಡಿಗೆ ಹೊಂದಿಸಿಕೊಂಡು ಜೊತೆಯಲ್ಲಿ ಬಂದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಬಿಡಿಸಿದ ಸೊಪ್ಪನ್ನು ಬುಟ್ಟಿಗೆ ಹಾಕಿ, ಕಡ್ಡಿಗಳನ್ನು ಒಂದು ಕಡೆ ಒಟ್ಟುಮಾಡಿದರು. ಗುರುಪಾದನ ಕೈಯಲ್ಲಿದ್ದ ಕಟ್ಟು ಬಿಚ್ಚದೆ ಹಾಗೆಯೇ ಇತ್ತು. ಒಳಗಿನಿಂದ ಸಂಗಯ್ಯ ನೋವಿನಲ್ಲಿ ಮಗ್ಗುಲು ಬದಲಿಸಿದ ಸಪ್ಪಳ ಕೇಳಿಸಿತು.

ಗುರುಪಾದನಿಗೆ ಏನಾದರೂ ಒಂದು ಕೇಳಬೇಕೆನಿಸಿತು. ಸುಮ್ಮನೆ ಕೂರುವುದು ಅವನಿಂದ ಆಗಲಿಲ್ಲ.

"ಕೊನೆಗೆ ಆ ಕಲ್ಲನ್ನು ಒರಟು ಮಾಡಿದರೇ ಗುರುಗಳೇ? ಅದಕ್ಕಾಗಿ ಎಂಟು ದಿನ ಒಲೆ ಆರಿಸಿದರೇ?"

ಗುರುಗಳು ಮೊದಲ ಬಾರಿಗೆ ತಲೆ ಎತ್ತಿ ಅವನನ್ನು ನೋಡಿದರು.

"ಇಲ್ಲ, ಬೆಳಿಗ್ಗೆ ಉಳಿ ಹಿಡಿದು ಕೂತವನು ಕೆಲಸ ಮುಗಿಸಿ ಮಧ್ಯಾಹ್ನದ ಊಟಕ್ಕೆ ಕೈ ತೊಳೆದ."